ಒಂದೇ ಖರ್ಚಿನಲ್ಲಿ ಎರಡು ಮಕ್ಕಳೇ?

ಚಿಕ್ಕಮಗಳೂರು ಜಿಲ್ಲೆಯ ಹಿರಿಯ ಓದುಗರೊಬ್ಬರು ಬರೆದಿದ್ದಾರೆ: ‘ಮದುವೆಯಾಗಿ ಎಂಟು ವರ್ಷವಾದ ಮಗಳು ಐವಿಎಫ್ (ದೇಹದ ಹೊರಗೆ, ಗಾಜಿನ ತಟ್ಟೆಯಲ್ಲಿ ಭ್ರೂಣ ಮೂಡಿಸುವ) ಚಿಕಿತ್ಸೆ ಪಡೆಯುತ್ತಿದ್ದಾಳೆ. ಐದು ಭ್ರೂಣಗಳನ್ನು ಘನೀಕರಿಸಿ ಇಟ್ಟಿದ್ದಾರಂತೆ. ಸದ್ಯಕ್ಕೆ ಒಂದನ್ನೇ ಗರ್ಭಕ್ಕೆ ಸೇರಿಸೋಣ ಎನ್ನುತ್ತಾರೆ ವೈದ್ಯೆ. ಇಷ್ಟು ಖರ್ಚು ಮಾಡಿದ ಮೇಲೆ ಎರಡನ್ನು ಸೇರಿಸಿ ಅವಳಿಯಾದರೆ ಒಂದೇ ಬಾಣಂತನದಲ್ಲಿ ಮುಗಿಯಿತಲ್ಲ? ಅಟ್ಟದಲ್ಲಿ ಒಂದು ತೊಟ್ಟಿಲಿದೆ, ಇನ್ನೊಂದಕ್ಕೆ ಬಡಗಿಗೆ ಹೇಳಿದ್ದೇನೆ. ನನ್ನ ತಂಗಿ ಮಾತ್ರ, ಇಂಥ ಮಕ್ಕಳು ಗಟ್ಟಿಮುಟ್ಟಾಗಿರುವುದಿಲ್ಲ ಎಂದು ಹೆದರಿಸುತ್ತಾಳೆ. ತಾವೇನು ಹೇಳುತ್ತೀರಿ?’

ಸ್ವಾಮಿ, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರ ಮಾತು ಕೇಳಿದ್ದೆ. ಕೂಸು ಇನ್ನೂ ಭ್ರೂಣವಾಗಿ, ಘನೀಕರಿಸಿಡುವ ದ್ರವ ಸಾರಜನಕದಲ್ಲಿರುವಾಗಲೇ ಬಡಗಿಯನ್ನು ಕರೆಸಿದವರು ನೀವೇ ಮೊದಲಿಗರು.

ನಿಮ್ಮ ತಂಗಿಯ ಮಾತಿನಲ್ಲಿ ಹುರುಳೇ ಇಲ್ಲವೆನ್ನಲಾರೆ. ಐವಿಎಫ್ ಮಗು ಒಂಟಿಯಾಗಿದ್ದರೂ ದಿನ ತುಂಬುವ ಮುನ್ನ ಹುಟ್ಟುವ ಸಂಭವ ತುಸು ಹೆಚ್ಚು. ಘನೀಕರಿಸಿದ ಭ್ರೂಣವಾದರೆ ಬಸುರಿಯ ರಕ್ತದೊತ್ತಡದ ಮೇಲೆ ಹೆಚ್ಚಿನ ಕಣ್ಣಿಡಬೇಕು. 2012ರಲ್ಲಿ ಪ್ರಕಟವಾದ ದಕ್ಷಿಣ ಆಸ್ಟ್ರೇಲಿಯಾದ ಅಧ್ಯಯನದಲ್ಲಿ, ಇಂಥ ಚಿಕಿತ್ಸೆಗಳಿಂದಾದ ಮಕ್ಕಳಲ್ಲಿ ಜನ್ಮಜಾತ ನ್ಯೂನತೆ ಶೇ. 8.3, ಸಹಜವಾಗಿ ಆದವರಲ್ಲಿ ಶೇ. 5.8 ಕಂಡುಬಂತು. ಆದರೆ ತಾಯಿಯ ವಯಸ್ಸು ಮುಂತಾದುವನ್ನು ಲೆಕ್ಕಕ್ಕೆ ಹಿಡಿದಾಗ ಮಾಮೂಲಿ ಐವಿಎಫ್ ಮಟ್ಟಿಗೆ ಆ ಅಂತರ ಲೆಕ್ಕಕ್ಕೆ ಬಾರದಷ್ಟಾಯಿತು. 2008ರ ನಾರ್ವೆಯ ಅಧ್ಯಯನ ಒಂದೇ ತಾಯಿಯ ಐವಿಎಫ್ ಮಗುವನ್ನೂ ಸಹಜ ಮಗುವನ್ನೂ ಪಕ್ಕಪಕ್ಕ ಇಟ್ಟು ನೋಡಿತು. ಅಲ್ಲಿ ಹುಟ್ಟಿದಾಗಿನ ತೂಕ, ದಿನ ತುಂಬುವಿಕೆಗಳ ವ್ಯತ್ಯಾಸ ಬಹುಪಾಲು ಕರಗಿತು. ದೋಷ ಗಾಜಿನ ತಟ್ಟೆಯದಷ್ಟೇ ಅಲ್ಲ ಎಂದಾಯಿತು. 1978ರ ಜುಲೈ 25ರಂದು ಹುಟ್ಟಿದ, ಜಗತ್ತಿನ ಮೊದಲ ಐವಿಎಫ್ ಮಗು ಲೂಯಿಸ್ ಬ್ರೌನ್ ಮುಂದೆ ಸಹಜವಾಗಿಯೇ ಬಸುರಿಯಾಗಿ ಹೆತ್ತರು. ತಂಗಿಗೆ ಇಷ್ಟು ಸಾಕು.

ನನ್ನ ತಕರಾರು ನಿಮ್ಮ ಮೇಲೆ.

ನನ್ನ ಆಪ್ತರೊಬ್ಬರ ಮಗನ ಮನೆಯಲ್ಲಿ ನಿಮ್ಮ ಲೆಕ್ಕಾಚಾರವೇ ನಡೆಯಿತು. ಎರಡು ಭ್ರೂಣ, ಎರಡೂ ನಿಂತವು, ಸೀಮಂತಕ್ಕೆ ಊರೆಲ್ಲ ಬಂತು. ಮೂವತ್ತನೆಯ ವಾರಕ್ಕೆ ಹೆರಿಗೆ. ನಾನು ಹೋದಾಗ ಆ ಹುಡುಗ ತೀವ್ರ ನಿಗಾ ಘಟಕದ ಹೊರಗೆ ಹಾಲಿನವನ ಲೆಕ್ಕದ ಪುಸ್ತಕ ಹಿಡಿದು ಕೂತಿದ್ದ. ಹಿಂದಿನ ಹಾಳೆಯಲ್ಲಿ ಎರಡು ಸಾಲು ಅಂಕಿ: 1140, 1115, 1120, ಪಕ್ಕದಲ್ಲಿ 980, 960, 975. ದಿನದಿನದ ತೂಕ, ಗ್ರಾಮಿನಲ್ಲಿ. ಐದು ಗ್ರಾಮು ಏರಿದ ದಿನ ತಾಯಿಗೆ ಫೋನು ಮಾಡುತ್ತಿದ್ದ, ಇಳಿದ ದಿನ ಮಾಡುತ್ತಿರಲಿಲ್ಲ. ಹೆಂಡತಿ ಹಿಂಡಿಕೊಟ್ಟ ಹಾಲು ಸಿರಿಂಜಿನಲ್ಲಿ ಎರಡು ಮಿಲಿಲೀಟರ್, ಮೂಗಿನ ನಳಿಕೆಯ ಮೂಲಕ. ಮಕ್ಕಳು ಐವತ್ತು ದಿನಕ್ಕೆ ಮನೆಗೆ ಬಂದವು, ಈಗ ಶಾಲೆಗೆ ಹೋಗುತ್ತವೆ. ಚಿಕ್ಕವನ ಕಿವಿಗೆ ಯಂತ್ರವಿದೆ. ಐವಿಎಫ್‌ಗಿಂತ ಆ ಐವತ್ತು ದಿನದ ಬಿಲ್ಲೇ ದೊಡ್ಡದಾಯಿತು. ನಿಮ್ಮ ‘ಒಂದೇ ಖರ್ಚು’ ಎಲ್ಲಿ ಉಳಿಯಿತು?

ಸ್ವೀಡನ್ 2003ರಲ್ಲಿ ಸಾಮಾನ್ಯವಾಗಿ ಒಂದೇ ಭ್ರೂಣ ಎಂದು ನಿಯಮ ಮಾಡಿತು. ಅಲ್ಲಿನ ಐವಿಎಫ್‌ನಲ್ಲಿ ನಾಲ್ಕು ಹೆರಿಗೆಗೆ ಒಂದರಂತೆ ಇದ್ದ ಅವಳಿ, ಕ್ರಮೇಣ ಇಪ್ಪತ್ತಕ್ಕೆ ಒಂದರಷ್ಟಕ್ಕೆ ಇಳಿಯಿತು. ಮಕ್ಕಳಾಗುವವರ ಪ್ರಮಾಣ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. ಒಂದು ನಿಲ್ಲದಿದ್ದರೆ ಘನೀಕರಿಸಿಟ್ಟ ಇನ್ನೊಂದು ಇದ್ದೇ ಇರುತ್ತದಲ್ಲ!

ಆ ಘನೀಕರಣದ ಮಾತು ಬಂದರೆ ನನಗೆ ಹೊಟ್ಟೆ ಉರಿಯುತ್ತದೆ. ಕೋಲ್ಕತ್ತದ ಡಾ. ಸುಭಾಷ್ ಮುಖರ್ಜಿ ಘನೀಕರಿಸಿದ ಭ್ರೂಣದಿಂದಲೇ 1978ರ ಅಕ್ಟೋಬರ್ 3ರಂದು ಭಾರತದ ಮೊದಲ ಪ್ರನಾಳ ಶಿಶುವನ್ನು, ಅಂದರೆ ಐವಿಎಫ್ ಮಗುವನ್ನು, ಲೋಕಕ್ಕೆ ತಂದರು. ಸರ್ಕಾರ ವಿಚಾರಣಾ ಸಮಿತಿ ನೇಮಿಸಿ ಅವರನ್ನು ಸುಳ್ಳುಗಾರನನ್ನಾಗಿಸಿತು, ಕೊನೆಗೆ ಕಣ್ಣಿನ ಸಂಸ್ಥೆಗೆ ಎತ್ತಿಹಾಕಿತು. 1981ರ ಜೂನ್‌ನಲ್ಲಿ ಆತ್ಮಹತ್ಯೆ ಮಾಡಿಕೊಂಡರು. ದೇಶದ ಮೊದಲ ಪ್ರನಾಳ ಶಿಶುವಿನ ಕೀರ್ತಿ 1986ರ ಮುಂಬೈ ಹೆರಿಗೆಗೆ ಹೋಯಿತು. ಆ ಕೀರ್ತಿಯ ಪಾಲುದಾರರಾದ ವಿಜ್ಞಾನಿ ಟಿ.ಸಿ. ಆನಂದ್ ಕುಮಾರ್ ಅವರೇ 1997ರಲ್ಲಿ ಮುಖರ್ಜಿಯವರ ಟಿಪ್ಪಣಿಗಳನ್ನು ಓದಿ, ಮೊದಲಿಗ ನಾನಲ್ಲ, ಅವರು ಎಂದರು. ಅಂಥ ದೊಡ್ಡತನ ಅಪರೂಪ.

ಈಗ ಹೆದ್ದಾರಿಯುದ್ದಕ್ಕೂ ಗುಂಡುಮಗುವಿನ ಫಲಕ, ಕೆಳಗೆ ಯಶಸ್ಸಿನ ಶೇಕಡಾವಾರು. ಯಾವುದರ ಯಶಸ್ಸು? ಬಸಿರು ನಿಂತದ್ದರದೋ, ದಿನ ತುಂಬಿದ ಮಗು ಮನೆ ಸೇರಿದ್ದರದೋ? ಬಾಡಿಗೆ ತಾಯ್ತನದ 2022ರ ನಿಯಮ ಒಂದು ಸರದಿಗೆ ಒಂದೇ ಭ್ರೂಣ ಎನ್ನುತ್ತದೆ, ವಿಶೇಷ ಸಂದರ್ಭದಲ್ಲಿ ಮೂರರವರೆಗೆ ಬಿಡುತ್ತದೆ. ನಮ್ಮ ದೇಶದಲ್ಲಿ ‘ವಿಶೇಷ ಸಂದರ್ಭ’ದ ಬಾಗಿಲು ಎಷ್ಟು ಅಗಲವೆಂದು ದೇವಸ್ಥಾನದ ಸಾಲಿನಲ್ಲಿ ನಿಂತವರಿಗೆಲ್ಲ ಗೊತ್ತು. ವಯಸ್ಸು ಮೀರಿದವರಿಗೆ, ಹಲವು ಸಲ ವಿಫಲರಾದವರಿಗೆ ಎರಡು ಬೇಕಾಗಬಹುದು, ಒಪ್ಪಿದೆ. ನಿಮ್ಮ ಮಗಳಿಗೆ ಇದು ಮೊದಲ ಪ್ರಯತ್ನ, ವಯಸ್ಸು ಮೂವತ್ತೊಂದು ಎಂದು ಪತ್ರದ ಅಂಚಿನಲ್ಲಿ ನೀವೇ ಬರೆದಿದ್ದೀರಿ.

ಒಂದೇ ಎಂದ ಆ ವೈದ್ಯೆಗೆ ನನ್ನ ನಮಸ್ಕಾರ ತಿಳಿಸಿ. ಅವಳಿಗಳ ಆಸೆಗೆ ತಲೆಯಾಡಿಸಿ ಖುಷಿಪಡಿಸುವುದು ಅವರಿಗೆ ಸುಲಭವಿತ್ತು. ಬಡಗಿಗೆ ಮುಂಗಡ ಕೊಟ್ಟಾಗಿದ್ದರೆ ತೊಟ್ಟಿಲಿನ ಬದಲು ಒಂದು ಗಟ್ಟಿ ಮಣೆ ಮಾಡಿಸಿಕೊಳ್ಳಿ. ಬಾಣಂತಿಗೆ ನೀರು ಹಾಕುವಾಗ ಬೇಕಾಗುತ್ತದೆ.

— ಸಂಪಾದಕ