ವಾಟ್ಸಾಪಿನಲ್ಲಿ ಸಕ್ಕರೆ ಕಾಯಿಲೆಯ ಪಾಠ

ಪ್ರಶ್ನೆ: ಮುಂಬೈ ಬಳಿಯ ಡೊಂಬಿವ್ಲಿಯ ನಮ್ಮ ಕನ್ನಡ ಬಳಗದಲ್ಲಿ ಸಕ್ಕರೆ ಕಾಯಿಲೆಯವರಿಗಾಗಿ ವಾಟ್ಸಾಪ್ ಗುಂಪು ಮಾಡಿದ್ದೇವೆ. ಬರೀ ಹಾಗಲಕಾಯಿ ಫಾರ್ವರ್ಡ್‌ಗಳೇ ತುಂಬಿವೆ. ಏನು ಮಾಡೋಣ?

ಉತ್ತರ: ಸಂದೇಶ ಹಾಕುವ ಅವಕಾಶ ಅಡ್ಮಿನ್‌ಗಳಿಗೆ ಮಾತ್ರ ಇರಲಿ, ಅವರಲ್ಲೊಬ್ಬರು ವೈದ್ಯರಾಗಿರಲೇಬೇಕು. ವಾರಕ್ಕೆರಡು ಧ್ವನಿಸಂದೇಶ ಸಾಕು, ಲೋಕಲ್ ರೈಲಿನಲ್ಲಿ ನಿಂತವರೂ ಕೇಳಬಹುದು.

ರಕ್ತದ ಸಕ್ಕರೆಯ ರೀಡಿಂಗ್ ಅನ್ನು ಗುಂಪಿಗೆ ಹಾಕುವುದು ಬೇಡ, ವೈದ್ಯರಿಗೆ ಖಾಸಗಿಯಾಗಿ ಹೋಗಲಿ. ಜೊತೆಗೆ ಹೊತ್ತು, ಊಟದ ಮೊದಲ ತುತ್ತಿನಿಂದ ಎಷ್ಟು ಗಂಟೆಯಾಯಿತು ಎಂಬುದನ್ನೂ ಬರೆಯಿರಿ. ಬರೀ ‘180’ ಎಂದರೆ ಏನೂ ತಿಳಿಯದು: ಬರಿಹೊಟ್ಟೆಯಲ್ಲಿ ಅದು ಹೆಚ್ಚು, ಉಂಡು ಎರಡು ಗಂಟೆಗೆ ಬಹುತೇಕರಿಗೆ ಮಿತಿಯ ಅಂಚು.

ಇದನ್ನು ಪಿನ್ ಮಾಡಿ: ರಕ್ತದ ಸಕ್ಕರೆ 70ಕ್ಕಿಂತ ಇಳಿದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ಪರೀಕ್ಷಿಸಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೇನೂ ಹಾಕದೆ 108ಕ್ಕೆ ಕರೆಮಾಡಿ. ಗುಂಪಿನ ಉತ್ತರಕ್ಕಂತೂ ಕಾಯಲೇಬಾರದು.