ಎಪ್ಪತ್ತು ದಾಟಿದ ಹಡಗು

ಪ್ರಶ್ನೆ: ಪ್ಯಾಸೆಂಜರ್ ಹಡಗುಗಳು 30 ವರ್ಷ ಆಗ್ತಿದ್ದ ಹಾಗೆ ಗುಜರಿಗೆ ಹೋಗ್ತವೆ ಅಂತ ಓದಿದೀನಿ. ಅದಕ್ಕಿಂತ ತುಂಬಾ ಜಾಸ್ತಿ ಕಾಲ ಓಡಿರೋದು ಯಾವುದಾದ್ರೂ ಇದ್ಯಾ, ಇದ್ರೆ ಹೇಗೆ ಸಾಧ್ಯ ಆಯ್ತು?

ಉತ್ತರ: ಇದೆ. ಸ್ವೀಡನ್ನಿನ ‘ಸ್ಟಾಕ್‌ಹೋಮ್’. 1948ರಲ್ಲಿ ಗೋಥೆನ್‌ಬರ್ಗ್‌ನಿಂದ ನ್ಯೂಯಾರ್ಕ್‌ಗೆ ಮೊದಲ ಸಲ ಹೊರಟಿದ್ದು, ಕೊನೇ ಸಲ ಪ್ರಯಾಣಿಕರನ್ನ ಹೊತ್ತಿದ್ದು 2020ರಲ್ಲಿ, ಲೆಕ್ಕ ಹಾಕಿ, 72 ವರ್ಷ!

ಇದರ ಹೆಸರು ಜಗತ್ತಿಗೆಲ್ಲಾ ಗೊತ್ತಾಗಿದ್ದು ಮಾತ್ರ ಒಂದು ಕೆಟ್ಟ ರಾತ್ರಿಯಿಂದ. 1956ರ ಜುಲೈ 25, ಅಮೆರಿಕದ ನ್ಯಾಂಟಕೆಟ್ ದ್ವೀಪದ ಹತ್ರ ದಟ್ಟ ಮಂಜು, ಎರಡೂ ಹಡಗಲ್ಲಿ ರೇಡಾರ್ ಇತ್ತು, ಎದುರಿಗೆ ಇನ್ನೊಂದು ಹಡಗು ಬರ್ತಿದೆ ಅಂತ ಇಬ್ಬರಿಗೂ ಗೊತ್ತಿತ್ತು, ಆದ್ರೂ ಇದು ಇಟಲಿಯ ‘ಆಂಡ್ರಿಯಾ ಡೋರಿಯಾ’ದ ಪಕ್ಕೆಗೆ ನೇರ ನುಗ್ಗಿಬಿಡ್ತು. ಮಾರನೇ ದಿನ ಬೆಳಗ್ಗೆ ಡೋರಿಯಾ ಮುಳುಗಿತು, ಎರಡೂ ಕಡೆ ಸೇರಿ 51 ಜನ ಸತ್ತರು. ಡೋರಿಯಾದ ಕ್ಯಾಬಿನ್ನಲ್ಲಿ ಮಲಗಿದ್ದ 14 ವರ್ಷದ ಹುಡುಗಿಯೊಬ್ಬಳು ಡಿಕ್ಕಿಯ ಹೊಡೆತಕ್ಕೆ ಸ್ಟಾಕ್‌ಹೋಮ್‌ನ ನಜ್ಜುಗುಜ್ಜಾದ ಮೂತಿ ಮೇಲೆ ಬಂದು ಬಿದ್ದಿದ್ಲು, ಕೈ ಮುರಿದಿತ್ತು, ಆದ್ರೆ ಜೀವ ಇತ್ತು. ಮೂತಿ ಹಾಗೆ ಚಿಂದಿಯಾಗಿದ್ರೂ ಸ್ಟಾಕ್‌ಹೋಮ್ ಡೋರಿಯಾದ ನೂರಾರು ಜನರನ್ನ ಹತ್ತಿಸಿಕೊಂಡು ತನ್ನ ಎಂಜಿನ್ ಮೇಲೇ ನ್ಯೂಯಾರ್ಕ್ ಸೇರ್ತು.

ಇನ್ನು ಬಾಳಿದ್ದು ಹೇಗೆ ಅಂದ್ರೆ, ನನ್ನ ಪ್ರಕಾರ ಚಿಕ್ಕದಾಗಿದ್ದೇ ಇದರ ಅದೃಷ್ಟ. ಉದ್ದ ಸುಮಾರು 160 ಮೀಟರ್ ಅಷ್ಟೇ, ಎಂಜಿನ್ ಡೀಸೆಲ್, ಜೆಟ್ ವಿಮಾನ ಬಂದ್ಮೇಲೆ ಎಣ್ಣೆ ಕುಡಿಯೋ ದೊಡ್ಡ ಸ್ಟೀಮ್ ಹಡಗುಗಳು ಒಂದೊಂದಾಗಿ ಖಾಲಿ ಓಡಿ ನಿಂತುಹೋದಾಗ ಇದಕ್ಕೆ ಮಾತ್ರ ಕೊಳ್ಳೋರು ಸಿಗ್ತಾನೇ ಇದ್ರು. 1960ರಲ್ಲಿ ಪೂರ್ವ ಜರ್ಮನಿ ತಗೊಂಡು ಕೆಲಸಗಾರರ ರಜಾ ಪ್ರವಾಸಕ್ಕೆ ಬಿಡ್ತು, ಆಮೇಲೆ ನಾರ್ವೆಯಲ್ಲಿ ಆಶ್ರಯ ಕೇಳಿ ಬಂದವರಿಗೆ ವಸತಿಯಾಗಿ ನಿಂತಿತ್ತು.

1989ರಲ್ಲಿ ಇದನ್ನ ಎಳೆದುಕೊಂಡು ಹೋಗಿದ್ದು ಎಲ್ಲಿಗೆ ಗೊತ್ತಾ, ಇಟಲಿಯ ಜಿನೋವಾಗೆ, ಅಂದ್ರೆ ಡೋರಿಯಾ ಹುಟ್ಟಿದ ಊರಿಗೇ! ಅಲ್ಲಿನ ಪತ್ರಿಕೆಗಳು ಇದನ್ನ ಸಾವಿನ ಹಡಗು ಅಂತ ಕರೆದ್ವು, ಆ ಊರಿನ ನೋವು ಅರ್ಥ ಆಗುತ್ತೆ ಬಿಡಿ. ಆದ್ರೆ ಅಲ್ಲೇ ಮರುಹುಟ್ಟು ಸಿಕ್ತು: ಹಳೇ ಉಕ್ಕಿನ ಒಡಲೊಂದನ್ನ ಉಳಿಸಿಕೊಂಡು ಒಳಗಿನದೆಲ್ಲಾ ಕಿತ್ತುಹಾಕಿ, ಎಂಜಿನ್ ಬದಲಾಯಿಸಿ, ಮೇಲಿನ ಅಂತಸ್ತುಗಳನ್ನ ಹೊಸದಾಗಿ ಕಟ್ಟಿ 1994ರಲ್ಲಿ ‘ಇಟಾಲಿಯಾ ಪ್ರಿಮಾ’ ಅಂತ ಕಳಿಸಿದ್ರು.

ಪ್ರಶ್ನೆ: ಹಾಗಾದ್ರೆ ಅದು ಅದೇ ಹಡಗು ಅಂತ ಹೇಳಬಹುದಾ?

ಉತ್ತರ: ನಾನಂತೂ ಹೌದು ಅಂತೀನಿ. ಮೇಲ್ಗಡೆ ಏನೇ ಬದಲಾಗ್ಲಿ, ನೀರಲ್ಲಿ ಮುಳುಗಿ ಭಾರ ಹೊತ್ತಿದ್ದು 1946ರಲ್ಲಿ ನೀರಿಗೆ ಬಿಟ್ಟ ಅದೇ ಒಡಲು. ಆಮೇಲೆ ಅಥೇನಾ, ಅಜೋರ್ಸ್, ಕೊನೆಗೆ ಅಸ್ಟೋರಿಯಾ ಅಂತ ಹೆಸರು ಬದಲಾಗ್ತಾ ಹೋಯ್ತು. ಕೋವಿಡ್ ಬಂದು ನಿಲ್ಲಿಸಿದ್ಮೇಲೆ ರಾಟರ್‌ಡ್ಯಾಮ್‌ನಲ್ಲಿ ವರ್ಷಗಟ್ಟಲೆ ಕಟ್ಟಿಹಾಕಿದ್ರು, 2025ರಲ್ಲಿ ಬೆಲ್ಜಿಯಂನ ಗೆಂಟ್‌ಗೆ ಒಡೆಯೋಕೆ ಎಳೆದುಕೊಂಡು ಹೋದ್ರು.