ನೆಟ್‌ವರ್ಕ್ ಸ್ವಿಚ್‌ನ ಫ್ಯಾನ್ ನಿಂತೋಗಿದೆ, ಹೊಸ ಸ್ವಿಚ್ಚೇ ತಗೋಬೇಕಾ?

ಪ್ರಶ್ನೆ: ಸರ್, ನಮ್ಮ ಕಲ್ಯಾಣ ಮಂಟಪದ ಸಿಸಿ ಕ್ಯಾಮೆರಾಗಳಿಗೆ 24 ಪೋರ್ಟಿನ ಪಿಒಇ ಸ್ವಿಚ್ (ನೆಟ್‌ವರ್ಕ್ ಕೇಬಲ್ಲಲ್ಲೇ ಕ್ಯಾಮೆರಾಗೆ ಕರೆಂಟೂ ಕೊಡೋದು) ಇದೆ. ಒಳಗಿನ ಎರಡು ಚಿಕ್ಕ ಫ್ಯಾನಲ್ಲಿ ಒಂದು ಕರಕರ ಅಂತಿತ್ತು, ಈಗ ನಿಂತೇ ಹೋಗಿದೆ, ಫ್ಯಾನ್ ಲೈಟ್ ಕೆಂಪಗೆ ಉರೀತಿದೆ. ವಾರಂಟಿ ಮುಗಿದಿದೆ, ಅಂಗಡಿಯವರು ಹೊಸದು ತಗೊಳ್ಳಿ ಅಂತಾರೆ. ಫ್ಯಾನ್ ಮಾತ್ರ ಹಾಕೋಕಾಗಲ್ವಾ?
— ಓದುಗರು, ದಾವಣಗೆರೆ

ಉತ್ತರ: ಖಂಡಿತ ಆಗತ್ತೆ. ಬೇರಿಂಗ್ ಸವೆದ ಒಂದು ಫ್ಯಾನಿಗೋಸ್ಕರ ಚೆನ್ನಾಗಿರೋ ಸ್ವಿಚ್ ಬಿಸಾಕ್ಸೋದು ನನಗಂತೂ ಸರಿ ಕಾಣಲ್ಲ.

ಮೊದಲು ಪವರ್ ಕೇಬಲ್ ಕಿತ್ತು ಹತ್ತು ನಿಮಿಷ ಬಿಡಿ, ಆಮೇಲೆ ಮುಚ್ಚಳ ತೆಗೀರಿ, ಆದ್ರೂ ಪವರ್ ಸಪ್ಲೈ ಕಡೆ ಕೈ ಹಾಕ್ಬೇಡಿ, ಅಲ್ಲಿ ಕರೆಂಟ್ ಹಿಡಿದಿಡೋ ಕೆಪಾಸಿಟರಲ್ಲಿ 300 ವೋಲ್ಟ್‌ಗೂ ಮೇಲೆ ಉಳಿದಿರಬಹುದು. ಹಳೇ ಫ್ಯಾನಿನ ಸ್ಟಿಕ್ಕರ್ ಫೋಟೋ ತಕ್ಕೊಳ್ಳಿ, ಆ ಮಾಡೆಲ್ ನಂಬರಿಂದೇ ಸಿಕ್ಕಿದ್ರೆ ಅರ್ಧ ತಲೆನೋವು ಹೋಯ್ತು. ಇಲ್ಲಾಂದ್ರೆ 40 ಎಂಎಂ, 12 ವೋಲ್ಟ್ ಅಂತ ಕೇಳಿ ತಂದ್ರೆ ಸಾಲಲ್ಲ, ದಪ್ಪನೂ ಅಳೀರಿ, 10, 20, 28 ಎಂಎಂ ಎಲ್ಲಾ ಇರತ್ತೆ. ವೈರ್ ಎಷ್ಟಿದೆ ನೋಡಿ. ಮೂರಿದ್ರೆ ಸಾಮಾನ್ಯವಾಗಿ ಕಪ್ಪು ನೆಗೆಟಿವ್, ಕೆಂಪು 12 ವೋಲ್ಟ್, ಹಳದಿ ಫ್ಯಾನ್ ತಿರುಗ್ತಿದೆ ಅಂತ ಸ್ವಿಚ್ಚಿಗೆ ಸುದ್ದಿ ಕೊಡೋದು, ಒಂದು ಸುತ್ತಿಗೆ ಎರಡು ಪಲ್ಸ್. ಎರಡೇ ವೈರಿನ ಫ್ಯಾನ್ ಹಾಕಿದ್ರೆ ಗಾಳಿ ಬರತ್ತೆ, ಲೈಟ್ ಮಾತ್ರ ಕೆಂಪಗೇ ಇರತ್ತೆ. ಇನ್ನೊಂದು, ಪ್ಲಗ್ ಕೂತ್ಕೊಳ್ತು ಅಂತ ನಂಬ್ಬೇಡಿ, ಒಳಗಿನ ಪಿನ್ನುಗಳ ಕ್ರಮ ಕಂಪನಿಗೊಂದು ಥರ, ಹಳೇ ಫ್ಯಾನಿನ ಪ್ಲಗ್ಗನ್ನೇ ಕತ್ತರಿಸಿ ಹೊಸ ಫ್ಯಾನಿನ ವೈರಿಗೆ ಬೆಸುಗೆ ಹಾಕ್ಸೋದು ಒಳ್ಳೇದು.

ಸದ್ದು ಕಮ್ಮಿ ಅಂತ ಸೈಲೆಂಟ್ ಫ್ಯಾನ್ ತೋರಿಸ್ತಾರೆ, ಅದರಲ್ಲಿ ಸಾಮಾನ್ಯವಾಗಿ ಗಾಳಿನೂ ಕಮ್ಮಿ, ನಿಮಗೆ ಅದು ಬೇಡ. ಪಿಒಇ ಇಲ್ಲದ ಮನೆ ಸ್ವಿಚ್ಚಿಗಾದ್ರೆ ನಡೀಬಹುದು, ನಿಮ್ಮದು ಒಂದೊಂದು ಪೋರ್ಟಿಗೆ 15.4 ವ್ಯಾಟ್ ಕೊಡೋದಾದ್ರೆ 24ಕ್ಕೆ 370 ವ್ಯಾಟ್ ಹತ್ರ, ಅದನ್ನ ತಯಾರು ಮಾಡೋವಾಗಿನ ಬಿಸಿಯೆಲ್ಲ ಡಬ್ಬದೊಳಗೇ ಉಳಿಯತ್ತೆ. ಸಿಎಫ್‌ಎಂ, ಅಂದ್ರೆ ಫ್ಯಾನ್ ನಿಮಿಷಕ್ಕೆ ಎಷ್ಟು ಗಾಳಿ ತಳ್ಳತ್ತೆ ಅನ್ನೋ ಲೆಕ್ಕ, ಹಳೇದಕ್ಕಿಂತ ಕಮ್ಮಿ ಆಗ್ಬಾರ್ದು.

ಕೂರಿಸೋವಾಗ ಗಾಳಿಯ ದಿಕ್ಕು ಹಳೇದರ ಥರಾನೇ ಇರ್ಲಿ, ಫ್ರೇಮ್ ಮೇಲೆ ಬಾಣದ ಗುರುತು ಇಲ್ಲದಿದ್ರೆ ಸ್ಟಿಕ್ಕರ್ ಇರೋ ಕಡೆಯಿಂದ ಗಾಳಿ ಹೊರಗೆ ಬರತ್ತೆ ಅಂತ ತಿಳ್ಕೊಳ್ಳಿ. ಎರಡೂ ಫ್ಯಾನ್ ಒಟ್ಟಿಗೇ ಬದಲಾಯಿಸಿ, ಇನ್ನೊಂದಕ್ಕೂ ಅಷ್ಟೇ ವಯಸ್ಸಾಗಿದೆ. ಕರಕರ ಅನ್ನೋ ಫ್ಯಾನಿಗೆ ಹೊಲಿಗೆ ಮಿಷನ್ ಎಣ್ಣೆ ಹಾಕಿದ್ರೆ ಸ್ವಲ್ಪ ದಿನ ಸುಮ್ಮನಿರತ್ತೆ ಅಷ್ಟೇ. ನಿಮ್ಮೂರಲ್ಲಿ ಸಿಗದಿದ್ರೆ ಬೆಂಗಳೂರಿನ ಎಸ್‌.ಪಿ. ರೋಡಲ್ಲಿ ಆ ಫೋಟೋ ತೋರಿಸಿ ವಿಚಾರಿಸಿ. ಹಾಕಿದ ಮೇಲೆ ಟೆಂಪರೇಚರ್ ಹಗಲಲ್ಲಿ ನೋಡಿ ಬಿಡ್ಬೇಡಿ, ಕತ್ತಲಾದ ಮೇಲೆ ಕ್ಯಾಮೆರಾಗಳ ಐಆರ್ (ಇನ್‌ಫ್ರಾರೆಡ್) ಲೈಟ್ ಹತ್ಕೊಂಡು ಲೋಡ್ ಜಾಸ್ತಿ ಆಗತ್ತೆ, ಆಗ ನೋಡಿ.